ಅಕ್ಕೋರು ಬೀಳಿಸಿದ ಗಿರಗಿಟ್ಲೆ

ಸವಣೂರಿನಲ್ಲಿ ಬಾಗಿಲು ದಾಟುವುದು ದೊಡ್ಡ ಕೆಲಸ. ಇಬ್ಬರು ಒಂದೇ ಹೊತ್ತಿಗೆ ಹೊಸ್ತಿಲಿಗೆ ಬಂದರೋ, ಮುಗಿಯಿತು. 'ನೀವು ನಡೀರಿ' ಎಂದು ಒಬ್ಬರು, 'ಎಲ್ಲೀದರಿ, ನೀವು ನಡೀರಿ' ಎಂದು ಇನ್ನೊಬ್ಬರು; ಒಳಗೆ ಚಹಾ ಆರಿ ಕೆನೆಗಟ್ಟಿದರೂ ಇಬ್ಬರೂ ಹೊರಗೇ. ನವಾಬಗಿರಿ ಹೋಗಿ ಎಷ್ಟೋ ಕಾಲವಾಯಿತು, ಈ ಚಟ ಮಾತ್ರ ಹೋಗಿಲ್ಲ. ಹಿಂದೂ ಮುಸಲ್ಮಾನ ಎಂಬ ಭೇದವಿಲ್ಲದೆ ಊರಿಗೆಲ್ಲ ಅಂಟಿಕೊಂಡಿದೆ. ಹೊರಗಿನವರು ಇದನ್ನು ಮರ್ಯಾದೆ ಎಂದು ಹೊಗಳುತ್ತಾರೆ. ನಾನು ಬಸ್ ನಿಲ್ದಾಣದ ಮಗ್ಗುಲಲ್ಲಿ ಖಾರಾ ಅಂಗಡಿ ಇಟ್ಟವನು. 'ಮೊದಲ ಅವರಿಗೆ ಕಟ್ರಿ', 'ಬ್ಯಾಡ, ಅವರಿಗೆ ಕಟ್ರಿ' ಎಂದು ಗಿರಾಕಿಗಳು ಹೇಳುತ್ತ ನಿಂತರೆ ಸುಡುವುದು ನನ್ನ ಕಡಾಯಿಯ ಎಣ್ಣೆ. ಹಾಗಾಗಿ ಮರ್ಯಾದೆಯ ಮೇಲೆ ನನಗೆ ಅಷ್ಟೇನೂ ಪ್ರೀತಿಯಿಲ್ಲ.

ಈ ವಿದ್ಯೆಯಲ್ಲಿ ಊರಿಗೇ ಪಾಠ ಹೇಳುವಂಥವರು ಇಬ್ಬರಿದ್ದಾರೆ. ಒಬ್ಬರು ಶ್ರೀಪಾದಾಚಾರ್ಯರು. ಮಠದ ಓಣಿಯವರು, ನೀರಾವರಿ ಇಲಾಖೆಯಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದವರು. ಇನ್ನೊಬ್ಬರು ಹಯಾತಸಾಹೇಬರು. ಫರ್ನಿಚರ್ ಅಂಗಡಿಯ ಮಾಲೀಕರು. ಊರಿನ ಅರ್ಧ ಮದುವೆಗಳ ಮಂಚ, ಕಪಾಟು ಅವರಲ್ಲಿಂದಲೇ ಹೋಗಿವೆ. ಇಬ್ಬರೂ ಚಿಕ್ಕಂದಿನ ಗೆಳೆಯರು, ಆದರೂ ಒಬ್ಬರು ಇನ್ನೊಬ್ಬರನ್ನು ಏಕವಚನದಲ್ಲಿ ಕರೆದದ್ದನ್ನು ಕೇಳಿದವರಿಲ್ಲ. ಇಬ್ಬರಿಗೂ ಈ ವಯಸ್ಸಿನಲ್ಲಿ ಒಂದು ಹುಚ್ಚು ಹಿಡಿದಿದೆ. ರಿಮೋಟಿನಿಂದ ಆಟೋಗೈರೋ ಹಾರಿಸುವ ಹುಚ್ಚು.

ಆಟೋಗೈರೋ ಎಂದರೆ ನೋಡಲು ಹೆಲಿಕಾಪ್ಟರಿನ ತಮ್ಮ. ತಲೆಯ ಮೇಲೆ ಉದ್ದನೆಯ ರೆಕ್ಕೆಗಳು ತಿರುಗುತ್ತವೆ. ಆದರೆ ಆ ರೆಕ್ಕೆಗಳಿಗೆ ಮೋಟರು ಇಲ್ಲ. ಮೋಟರು ಇರುವುದು ಮೂತಿಯ ಸಣ್ಣ ಪಂಖಾಕ್ಕೆ. ಅದು ಎಳೆದಂತೆ ಇದು ಮುಂದಕ್ಕೆ ಹೋಗುತ್ತದೆ, ಎದುರಿನ ಗಾಳಿ ಬಡಿದು ಮೇಲಿನ ರೆಕ್ಕೆಗಳು ತಾವಾಗಿಯೇ ತಿರುಗುತ್ತವೆ, ಅವು ತಿರುಗುತ್ತಿರುವ ತನಕ ಗಾಡಿ ಮೇಲಿರುತ್ತದೆ. ಆಚಾರ್ಯರು ಇದನ್ನು ನನಗೆ ಎಷ್ಟು ಸಲ ಹೇಳಿದ್ದಾರೆಂದರೆ, ಖಾರಾ ಕರಿಯುವಾಗಲೂ ನಾನು ಗಾಳಿ ಯಾವ ಕಡೆಯಿಂದ ಬರುತ್ತಿದೆ ಎಂದು ನೋಡುತ್ತೇನೆ. ಊರ ಮಕ್ಕಳು ಅದಕ್ಕೆ ಇಟ್ಟ ಹೆಸರು ಗಿರಗಿಟ್ಲೆ. ಆಚಾರ್ಯರ ಪಾಠಕ್ಕಿಂತ ಆ ಹೆಸರೇ ವಾಸಿ.

ಏಳಿಸುವಾಗ ಅವಸರ ಮಾಡಿದರೆ ಅದು ಮಗುಚಿಕೊಳ್ಳುತ್ತದೆ. ಮೂತಿಯನ್ನು ಗಾಳಿಗೆ ಎದುರು ಹಿಡಿಯಬೇಕು, ಮೇಲಿನ ರೆಕ್ಕೆಯನ್ನು ಕೈಯಿಂದ ಒಮ್ಮೆ ತಿರುವಬೇಕು, ಅದು ಗಾಳಿ ಕುಡಿದು ಗುಂಯ್ ಎನ್ನುವ ತನಕ ಸುಮ್ಮನೆ ಕಾಯಬೇಕು. ಆಮೇಲೆ ಮೋಟರು. ಕಾಯುವುದರಲ್ಲಿ ನಮ್ಮ ಊರಿನವರನ್ನು ಮೀರಿಸುವವರಿಲ್ಲ, ಆದ್ದರಿಂದ ಏಳಿಸುವುದು ಇಬ್ಬರಿಗೂ ಚೆನ್ನಾಗಿಯೇ ಬಂತು. ತೊಂದರೆಯಿದ್ದದ್ದು ಹಾರಿಸುವುದರಲ್ಲಿ. ಅಂದರೆ, ಯಾರು ಹಾರಿಸಬೇಕು ಎಂಬುದರಲ್ಲಿ.

ಕಲಿಯುವವರಿಗೆಂದು ಒಂದು ಏರ್ಪಾಡು ಇದೆ. ಎರಡು ರಿಮೋಟುಗಳನ್ನು ಜೋಡಿಸುತ್ತಾರೆ. ಒಂದು ಗುರುವಿನದು, ಒಂದು ಶಿಷ್ಯನದು. ಗುರುವಿನ ರಿಮೋಟಿನಲ್ಲಿ ಒಂದು ಗುಂಡಿ. ಗುರು ಅದನ್ನು ಒತ್ತಿ ಹಿಡಿದಷ್ಟು ಹೊತ್ತು ಗಿರಗಿಟ್ಲೆ ಶಿಷ್ಯನ ಮಾತು ಕೇಳುತ್ತದೆ. ಗುಂಡಿ ಬಿಟ್ಟ ಕೂಡಲೇ ಗುರುವಿನ ಮಾತು. ಶಿಷ್ಯ ತಪ್ಪಿದರೆ ಗುರು ಉಳಿಸಲಿ ಎಂದು. ಇದನ್ನು ಕಂಡುಹಿಡಿದವರು ಯಾವ ಊರಿನವರೋ, ಸವಣೂರಿನವರಂತೂ ಅಲ್ಲ. ನಮ್ಮಲ್ಲಿ ಗುರುವಾಗಲು ಇಬ್ಬರೂ ಒಪ್ಪಲಿಲ್ಲ.

"ಆಚಾರ್ರ, ಗುರುಸ್ಥಾನ ನಿಮ್ಮದರಿ. ನಿಮ್ಮ ಮುಂದ ನಾ ಅದನ್ನ ಕೈಯಾಗ ಹಿಡೀಲೇನು?" ಎಂದರು ಹಯಾತಸಾಹೇಬರು.

"ಹಿಂಗಂದ್ರ ಹ್ಯಾಂಗ್ರಿ? ರೆಕ್ಕಿ ಕೆತ್ತಿದವರು ನೀವು, ಗುರುಗಳು ನೀವು" ಎಂದರು ಆಚಾರ್ಯರು.

ಕೊನೆಗೆ ಒಂದು ಭಾನುವಾರ ಇವರು, ಮುಂದಿನ ಭಾನುವಾರ ಅವರು ಎಂದು ತೀರ್ಮಾನವಾಯಿತು. ಗುರುವಾದವರಿಗೆ ಮೈಯೆಲ್ಲ ಸಂಕೋಚ. ಗುಂಡಿಯನ್ನು ಬಿಡದೆ ಒತ್ತಿಕೊಂಡೇ ನಿಲ್ಲುತ್ತಿದ್ದರು. ಹಯಾತಸಾಹೇಬರು ಗೋದಾಮು ಕಟ್ಟಿಸಲೆಂದು ಊರ ಹೊರಗೆ ತೆಗೆದುಕೊಂಡ ಜಾಗವಿತ್ತು. ಗೋದಾಮು ಏಳಲಿಲ್ಲ, ಗಿರಗಿಟ್ಲೆ ಎದ್ದಿತು. ಭಾನುವಾರ ಮಳೆ ಇಲ್ಲದಿದ್ದರೆ ನಾವು ಕೆಲವರು ಹೋಗಿ ಕೂರುತ್ತಿದ್ದೆವು. ನನ್ನ ಪಾಲು ಖಾರಾ. ಹಯಾತಸಾಹೇಬರ ಹೆಂಡತಿ ಗೌಸಬಿಯವರು ಚಹಾ ತರುತ್ತಿದ್ದರು. ಗೌಸಬಿಗೆ ಕತ್ತಿನ ಬೇನೆ, ಮೇಲೆ ನೋಡಿದರೆ ತಲೆ ತಿರುಗುತ್ತದೆ. ಗಂಡನ ಆಟವನ್ನು ಒಮ್ಮೆಯೂ ಆಕೆ ನೋಡಿಲ್ಲ. ಅದಕ್ಕಾಗಿ ಹಳಹಳಿಸಿದ್ದನ್ನೂ ನಾನು ಕಂಡಿಲ್ಲ.

ಇನ್ನು ಯಮುನಾಬಾಯಿ. ಆಚಾರ್ಯರ ಹೆಂಡತಿ ಎಂದರೆ ಅವರನ್ನು ಪೂರ್ತಿ ಹೇಳಿದಂತಾಗುವುದಿಲ್ಲ. ಕನ್ನಡ ಶಾಲೆಯ ಮಾಸ್ತರಿಕೆಯಲ್ಲಿ ತಲೆ ನೆರೆಸಿಕೊಂಡವರು, ಊರಿಗೆಲ್ಲ ಅಕ್ಕೋರು. ನಾನೂ ಅವರ ಕೈಯ ಛಡಿ ತಿಂದು ಮಗ್ಗಿ ಕಲಿತವನು. ಅವರಿಗೆ ಆ ಗಿರಗಿಟ್ಲೆಯನ್ನು ಒಂದು ಸಲ ಹಾರಿಸಬೇಕೆಂಬ ಆಸೆ. ಸುಮ್ಮನೆ ಬಂದ ಆಸೆಯಲ್ಲ. ಹುಬ್ಬಳ್ಳಿಯಲ್ಲಿ ಕಣ್ಣಿನ ಡಾಕ್ಟರಾಗಿರುವ ಮಗಳು ಹರಿಪ್ರಿಯಾ, ಅಪ್ಪ ಅಭ್ಯಾಸ ಮಾಡಲಿ ಎಂದು ಮನೆಯ ಕಂಪ್ಯೂಟರಿಗೆ ಹಾರಿಸುವ ಆಟವೊಂದನ್ನು ಹಾಕಿಕೊಟ್ಟಿದ್ದಳು. ಅಪ್ಪ ಊಟ ಮಾಡಿ ಮಲಗುತ್ತಿದ್ದರು. ಅಮ್ಮ ರಿಮೋಟು ಜೋಡಿಸಿಕೊಂಡು ಕೂತು ಪರದೆಯ ಮೇಲೆ ಬೀಳಿಸಿ ಎಬ್ಬಿಸಿ, ಬೀಳಿಸಿ ಎಬ್ಬಿಸಿ ಕಲಿಯುತ್ತಿದ್ದರು. ಕಲಿತ ಮೇಲೆ ಬಯಲಿನಲ್ಲಿ ಕೇಳಿಯೂ ನೋಡಿದರು.

"ಹಯಾತಸಾಹೇಬ್ರ, ಇವತ್ತ ಒಂದು ಸುತ್ತು ನನಗ ಕೊಡ್ರಿ."

"ಅಕ್ಕೋರ! ನಿಮಗಿಂತ ಹೆಚ್ಚಿಂದು ಏನೈತ್ರಿ? ಆದ್ರ ಈ ಬಿಸಲಾಗ ನಿಂತು ನಿಮಗ್ಯಾಕ ತ್ರಾಸ? ಆಚಾರ್ರು ಹೂಂ ಅನ್ನಲಿ, ನಂದೇನಿಲ್ಲ. ಅಲ್ಲೀ ತನಕಾ ಕುಂತ್ರಿ, ಕುಂತ್ರಿ. ಏ, ಅಕ್ಕೋರಿಗೆ ಕುರ್ಚಿ ತರ್ರಿ!"

ಆಚಾರ್ಯರನ್ನು ಕೇಳಿದರೆ, "ನನ್ನದೇನದ? ಹಯಾತಸಾಹೇಬ್ರು ಹೂಂ ಅನ್ನಲಿ" ಎನ್ನುತ್ತಿದ್ದರು. ಅವರ ಹೂಂಗೆ ಇವರು, ಇವರ ಹೂಂಗೆ ಅವರು. ನಡುವೆ ಅಕ್ಕೋರಿಗೆ ಕುರ್ಚಿ ಬರುತ್ತಿತ್ತು. ಒಳ್ಳೆಯ ಕುರ್ಚಿಯೇ, ಹಯಾತಸಾಹೇಬರ ಅಂಗಡಿಯದು, ಹಿಂದೆ ಒರಗು ಇದ್ದದ್ದು. ನಮಗೆ ಯಾರಿಗೂ ಅಂಥದ್ದು ಸಿಗುತ್ತಿರಲಿಲ್ಲ. ಅಕ್ಕೋರಿಗೆ ಭಾಗ್ಯ ಎಂದೇ ನಾನು ತಿಳಿದಿದ್ದೆ.

ಒಮ್ಮೆ ಅವರು ಗೌಸಬಿಯ ಹತ್ತಿರ ಹೇಳುತ್ತಿದ್ದದ್ದು ನನ್ನ ಕಿವಿಗೆ ಬಿತ್ತು. "ಬೈದ್ರ ತಿರುಗಿ ಬೈಬಹುದು ಗೌಸಬಿ. ಕುರ್ಚಿ ಕೊಟ್ಟವರಿಗೆ ಏನಂತ ಅನ್ನೋದು?"

ಗೌಸಬಿ ಚಹಾ ಸೋಸುತ್ತ, "ನನಗ ಅವರು ಕುರ್ಚೀನೂ ಕೊಟ್ಟಿಲ್ರಿ ಅಕ್ಕೋರ" ಎಂದರು. ಇಬ್ಬರೂ ನಕ್ಕರು. ನಾನೂ ನಕ್ಕೆ, ಯಾಕೆಂದು ತಿಳಿಯದೆ.

ಆ ವರ್ಷ ಶ್ರಾವಣ ಕಳೆದ ಮೇಲೆ ತಿಳವಳ್ಳಿಯ ಒಂದು ಹೈಸ್ಕೂಲಿನಿಂದ ಕರೆ ಬಂತು. ಶಾಲೆಯ ವಾರ್ಷಿಕೋತ್ಸವ, ಮಕ್ಕಳಿಗೆ ಆಟೋಗೈರೋ ಹಾರಿಸಿ ತೋರಿಸಬೇಕು. ಊರಿನ ಆಚೆಗೆ ಮೊದಲ ಸಲ. ಆಚಾರ್ಯರು ಹೊಸ ಧೋತರ ತೆಗೆಸಿದರು, ಹಯಾತಸಾಹೇಬರು ರೆಕ್ಕೆಗಳಿಗೆ ಹೊಸದಾಗಿ ಪಾಲಿಶ್ ಹೊಡೆಸಿದರು. ಅಕ್ಕೋರು ಈ ಸಲ ಗಂಡನನ್ನು ಅಡುಗೆಮನೆಯಲ್ಲಿ ಹಿಡಿದು ನಿಲ್ಲಿಸಿ ಮಾತು ತೆಗೆದುಕೊಂಡರು. ಮೊದಲ ಸಲ ಹಾರಿ ಇಳಿದ ಮೇಲೆ ಎರಡನೆಯ ಸಲ ಅವರ ಕೈಗೆ. ಆಚಾರ್ಯರು ಮಾತಿಗೆ ತಪ್ಪುವವರಲ್ಲ, 'ಆತು' ಎಂದರು. ಎರಡನೆಯ ಸಲ ಎಂಬುದು ಬಂದೇ ಬರುತ್ತದೆ ಎಂದು ಇಬ್ಬರೂ ನಂಬಿದ್ದರು, ಪಾಪ.

ಟೆಂಪೋದಲ್ಲಿ ಹೊರಟೆವು. ಮುಂದಿನ ಸೀಟು ಯಾರಿಗೆ ಎಂಬ ವಿಷಯದಲ್ಲಿ ಇಬ್ಬರು ಗೆಳೆಯರೂ ಎಷ್ಟು ಹಿಂದೆ ಸರಿದರೆಂದರೆ, ಕೊನೆಗೆ ಇಬ್ಬರೂ ಹಿಂದೆ ಬ್ಯಾಟರಿ ಪೆಟ್ಟಿಗೆಯ ಪಕ್ಕ ಮೊಣಕಾಲು ಮಡಚಿ ಕೂತರು. ಡ್ರೈವರನ ಪಕ್ಕದಲ್ಲಿ ಅಕ್ಕೋರು ಕೂತರು, ಅವರ ಬೆನ್ನಿಗೇ ಗೌಸಬಿ ಮತ್ತು ನಾನು. ಶಿಗ್ಗಾಂವಿ ದಾಟಿ ಹಾನಗಲ್ ಬರುವ ತನಕ ಅಕ್ಕೋರು ಎರಡೂ ಹೆಬ್ಬೆರಳುಗಳನ್ನು ಮಡಿಲಲ್ಲಿಟ್ಟುಕೊಂಡು ಮೆಲ್ಲಗೆ ಆಡಿಸುತ್ತಿದ್ದರು. ಜಪ ಮಾಡುತ್ತಿದ್ದಾರೆ ಎಂದುಕೊಂಡೆ.

ತಿಳವಳ್ಳಿಯ ಶಾಲೆಯ ಬಯಲು ಚೆನ್ನಾಗಿತ್ತು. ಒಂದು ಮಗ್ಗುಲು ಪೆಂಡಾಲು, ಅದರಾಚೆ ಆಳೆತ್ತರದ ಗೋವಿನಜೋಳ. ಪಡುವಣದಿಂದ ಹದವಾದ ಗಾಳಿ. ಕೆಟ್ಟದ್ದು ಒಂದೇ, ಕಾರ್ಯಕ್ರಮ. ಶಾಲೆಯ ಸಂಸ್ಥೆಯ ಅಧ್ಯಕ್ಷರು ಚನ್ನವೀರಪ್ಪನವರು ಹಿರೇಕೆರೂರಿನಿಂದ ಬರಬೇಕಿತ್ತು, ತಡವಾಗಿ ಬಂದರು. ಬಂದವರು ವಿಮಾನದ ಹುಟ್ಟಿನಿಂದ ಹಿಡಿದು ಸಂಸ್ಥೆಯ ಹುಟ್ಟಿನ ತನಕ ಮಾತಾಡಿದರು. ಮಕ್ಕಳು ಆಕಳಿಸಿದರು. ಮೋಡ ಕಟ್ಟತೊಡಗಿತು. ಆಚಾರ್ಯರು ಆಕಾಶ ನೋಡಿ, "ಒಂದs ಸಲ ಹಾರಿಸೂದಾಗ್ತದ" ಎಂದರು. ಅಕ್ಕೋರು ಅವರ ಮುಖ ನೋಡಿದರು. ಆಚಾರ್ಯರು ಬೇರೆ ಕಡೆ ನೋಡಿದರು.

ಆ ದಿನ ಆಚಾರ್ಯರು ಗುರು, ಹಯಾತಸಾಹೇಬರು ಶಿಷ್ಯ. ಗಿರಗಿಟ್ಲೆ ಚೆಂದಾಗಿ ಎದ್ದಿತು. ಮಕ್ಕಳು ಹೋ ಎಂದರು. ಅದು ಬಯಲಿನ ಮೇಲೆ ಸುತ್ತು ಹಾಕಿತು, ಗಾಳಿಗೆ ಎದುರಾಗಿ ಒಂದು ಕಡೆ ನಿಂತೇಬಿಟ್ಟಂತೆ ನಿಂತಿತು, ಮತ್ತೆ ಹೊರಟಿತು. ಚನ್ನವೀರಪ್ಪನವರು ವೇದಿಕೆ ಇಳಿದು ನಮ್ಮ ಹತ್ತಿರವೇ ಬಂದರು. ಬಹಳ ಖುಷಿಯಾಗಿದ್ದರು. ಒಂದು ಸಣ್ಣ ಪ್ರಶ್ನೆ ಕೇಳಿದರು.

"ಭಾಳ ಛಲೋ ಐತಿ! ಇದನ್ನ ಹಾರಸಾಕತ್ತವರು ಯಾರ್ರಿ?"

ನೀವಾದರೆ ಏನು ಹೇಳುತ್ತಿದ್ದಿರಿ? 'ನಾನು' ಎನ್ನುತ್ತಿದ್ದಿರಿ, ಇಲ್ಲವೇ ಸುಮ್ಮನೆ ತಲೆ ಆಡಿಸುತ್ತಿದ್ದಿರಿ. ಆಚಾರ್ಯರು ಸವಣೂರಿನವರು. "ಎಲ್ಲಾ ಹಯಾತಸಾಹೇಬ್ರ ಕೈಗುಣರಿ" ಎಂದರು. ಎಂದು, ಗೆಳೆಯನ ಕಡೆಗೆ ತಿರುಗಿ ಎರಡೂ ಕೈ ಜೋಡಿಸಿದರು. ಕೈ ಜೋಡಿಸಬೇಕಾದರೆ ಗುಂಡಿ ಬಿಡಬೇಕಲ್ಲ, ಬಿಟ್ಟರು. ಹಯಾತಸಾಹೇಬರು ಗಾಬರಿಯಾದರು, ಗಿರಗಿಟ್ಲೆಯ ಬಗ್ಗೆ ಅಲ್ಲ, ಗೆಳೆಯ ತಮಗೆ ಕೈ ಮುಗಿದದ್ದಕ್ಕೆ. "ತೋಬಾ ತೋಬಾ! ಗುರುಗಳು ಅವರು, ನಾ ಏನಲ್ಲ" ಎಂದು ಬಲಗೈಯನ್ನು ಎದೆಗೆ ಇಟ್ಟುಕೊಂಡು ಬಾಗಿದರು. ಚನ್ನವೀರಪ್ಪನವರೂ ಸುಮ್ಮನಿರದೆ ಇಬ್ಬರಿಗೂ ಕೈ ಮುಗಿದರು. ಮೂವರೂ ಬಾಗಿ ನಿಂತಿದ್ದರು. ಅತ್ತ ಗಿರಗಿಟ್ಲೆ, ಯಾರ ಮಾತು ಕೇಳಬೇಕೆಂದು ತಿಳಿಯದೆ, ಗೋವಿನಜೋಳದ ಕಡೆಗೆ ವಾಲತೊಡಗಿತು.

ಮುಂದಿನದನ್ನು ನಾನು ಕಣ್ಣಾರೆ ಕಾಣಲಿಲ್ಲ. ನಾನು, ಮಕ್ಕಳು, ಮಾಸ್ತರರು, ಎಲ್ಲರೂ ಮೇಲೆಯೇ ನೋಡುತ್ತಿದ್ದೆವು. ಕೆಳಗೆ ನೋಡುತ್ತಿದ್ದವರು ಗೌಸಬಿ ಒಬ್ಬರೇ. ಅವರೇ ಆಮೇಲೆ ನನಗೆ ಹೇಳಿದ್ದು. ಗುರುವಿನ ರಿಮೋಟು ಆಚಾರ್ಯರ ಕೊರಳಿನ ಪಟ್ಟಿಯಲ್ಲಿ ಹೊಟ್ಟೆಯ ಮೇಲೆ ಜೋತಾಡುತ್ತಿತ್ತು. ಅಕ್ಕೋರು ಕುರ್ಚಿಯಿಂದ ಎದ್ದರು, ಗಂಡನ ಜೋಡಿಸಿದ ಕೈಗಳ ಕೆಳಗಿನಿಂದ ತಮ್ಮ ಕೈ ತೂರಿಸಿದರು, ರಿಮೋಟಿನ ಮೇಲಿನ, ಗಿರಗಿಟ್ಲೆಯನ್ನು ಆಡಿಸುವ ಎರಡೂ ಕಡ್ಡಿ ಹಿಡಿದರು. ಪಟ್ಟಿಯನ್ನು ಕೊರಳಿನಿಂದ ತೆಗೆಯುವಷ್ಟು ಸಮಯವಿರಲಿಲ್ಲ. ಗಂಡನ ಹೊಟ್ಟೆಗೆ ಒರಗಿಕೊಂಡೇ ಹಾರಿಸಿದರು. ಅಷ್ಟರಲ್ಲಿ ಆ ಮೂವರ ಕಣ್ಣೂ ಮೇಲೆ ಹೋಗಿದ್ದವು; ಹೆಂಡತಿ ಹೆದರಿ ತಮಗೆ ಒರಗಿದ್ದಾಳೆ ಎಂದು ಆಚಾರ್ಯರು ತಿಳಿದಿರಬೇಕು.

ವಾಲಿದ್ದು ನೆಟ್ಟಗಾಯಿತು. ಪೆಂಡಾಲಿನ ಮೇಲೆ ಏರಿತು. ದೊಡ್ಡ ಸುತ್ತು, ಅಷ್ಟು ದೊಡ್ಡ ಸುತ್ತನ್ನು ಈ ಇಬ್ಬರೂ ಎಂದೂ ಹಾಕಿದ್ದಿಲ್ಲ. ಗೋವಿನಜೋಳದ ತೆನೆಗಳ ಮೇಲೆ, ಶಾಲೆಯ ಹಂಚಿನ ಮೇಲೆ, ಬಯಲಿನಾಚೆಯ ಬೇವಿನ ಮರಗಳ ಮೇಲೆ. ನಮ್ಮ ಕತ್ತುಗಳೆಲ್ಲ ಅದರ ಜೊತೆ ತಿರುಗಿದವು. 'ಇವತ್ತು ಹಯಾತಸಾಹೇಬರು ರಂಗಿಗೆ ಬಂದಿದ್ದಾರೆ' ಎಂದುಕೊಂಡೆ. ಕೆಳಗೆ ಅಕ್ಕೋರ ಕಣ್ಣಲ್ಲಿ ನೀರು ಬರುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ ಎಂದರು ಗೌಸಬಿ.

ಒಂದು ಸುತ್ತಿಗೆ ಇಳಿಸಿದ್ದರೆ ಕತೆ ಬೇರೆಯಾಗುತ್ತಿತ್ತು. ಅಕ್ಕೋರಿಗೆ ಆಸೆ ಹತ್ತಿತು. ಇನ್ನೊಂದು ಸುತ್ತಿಗೆ ತಿರುಗಿಸಿದರು, ಈ ಸಲ ಕೆಳಗೆ, ಮಕ್ಕಳಿಗೆ ಹತ್ತಿರದಿಂದ ಕಾಣಲಿ ಎಂದು. ಗಾಳಿ ಬೆನ್ನಿಗೆ ಬಂತು. ಬೆನ್ನಿಗೆ ಗಾಳಿ ಬಂದರೆ ಅದು ಓಡಿದಂತೆ ಕಾಣುತ್ತದೆ, ಓಡುವುದು ಗಾಳಿ. ಜೋರು ಹೆಚ್ಚಾಯಿತೆಂದು ಅಕ್ಕೋರು ಮೋಟರು ಇಳಿಸಿದರು. ಕಂಪ್ಯೂಟರಿನ ಆಟದಲ್ಲಿ ಗಾಳಿ ಹಾಕಿಕೊಂಡು ಕಲಿತಿರಲಿಲ್ಲ. ಮೇಲಿನ ರೆಕ್ಕೆಗಳು ಸೋತವು, ಗಿರಗಿಟ್ಲೆ ಪೆಂಡಾಲಿನ ಹಿಂದೆ ಗೋವಿನಜೋಳದಲ್ಲಿ ಬಿತ್ತು. ಒಂದು ರೆಕ್ಕೆ ತುಂಡಾಯಿತು.

ಎಲ್ಲರೂ ಹೊಲದತ್ತ ಓಡಿದರು. ನಿಂತಲ್ಲೇ ನಿಂತ ಅಕ್ಕೋರು, "ನಾ ಬೀಳಿಸೇನಿ" ಎಂದರು. ದನಿಯಲ್ಲಿ ಅಳುಕಿರಲಿಲ್ಲ. ಬಹುಮಾನ ಬಂದ ಹುಡುಗಿ ಹೆಸರು ಹೇಳಿದಂತೆ ಹೇಳಿದರು. ಆದರೆ ಕೇಳಲು ಅಲ್ಲಿ ಯಾರಿದ್ದರು?

ಆ ಸಂಜೆಯಿಂದ ಶುರುವಾಯಿತು ನೋಡಿ, ತಪ್ಪು ಯಾರದು ಎಂಬ ಪಂಚಾಯ್ತಿ. ನಡೆದದ್ದು ಹಯಾತಸಾಹೇಬರ ಅಂಗಡಿಯಲ್ಲಿ, ಮಾರಾಟಕ್ಕಿಟ್ಟ ಸೋಫಾದ ಮೇಲೆ. ಬೇರೆ ಊರಿನಲ್ಲಾದರೆ ಇಂಥ ಪಂಚಾಯ್ತಿಯಲ್ಲಿ ಒಬ್ಬರ ಮೇಲೊಬ್ಬರು ಹೊರಿಸುತ್ತಾರೆ. ನಮ್ಮಲ್ಲಿ ಕಸಿದುಕೊಳ್ಳುತ್ತಾರೆ.

"ಗುಂಡಿ ಬಿಟ್ಟಾವ ನಾ. ತಪ್ಪು ನಂದು" ಎಂದರು ಆಚಾರ್ಯರು.

"ಕೈ ಎತ್ತಿದಾವ ನಾ. ನಿಮ್ಮ ಮ್ಯಾಲ ತಪ್ಪು ಬರಾಕ ನಾ ಜೀವಂತ ಇರೂತನಕಾ ಬಿಡೂದಿಲ್ಲ" ಎಂದರು ಹಯಾತಸಾಹೇಬರು.

ದಿನಾ ಇದೇ. ಒಂದು ದಿನ ಅಕ್ಕೋರು ತಾವೇ ಅಂಗಡಿಗೆ ಬಂದರು. ನಾನು ಖಾರಾ ಕೊಡಲು ಹೋಗಿದ್ದೆ, ಅಲ್ಲೇ ಇದ್ದೆ.

"ಇಬ್ಬರೂ ಕೇಳ್ರಿಲ್ಲೆ. ನೀವು ಕೈ ಬಿಟ್ಟ ಮ್ಯಾಲೆ ಅದು ಒಂದು ಪೂರಾ ಸುತ್ತು ಹಾರೇದ. ಅದನ್ನ ಹಾರಿಸಿದಾಕಿ ನಾ. ಬೀಳಿಸಿದಾಕೀನೂ ನಾ. ಗಾಳಿ ಬೆನ್ನಿಗೆ ತಗೊಂಡು ಮೋಟರ್ ಇಳಿಸಿದೆ, ಬಿತ್ತು. ಇಷ್ಟs."

ಹಯಾತಸಾಹೇಬರ ಕಣ್ಣು ತುಂಬಿ ಬಂದವು. ಎದ್ದು ನಿಂತು, ಕೈಯನ್ನು ಎದೆಗೆ ಒತ್ತಿ ಹೇಳಿದರು:

"ಅಕ್ಕೋರ, ಎಂಥಾ ಮನಸ್ಸರಿ ನಿಮ್ಮದು! ನಮ್ಮ ತಪ್ಪು ನಿಮ್ಮ ತಲಿ ಮ್ಯಾಲ ಹೊತ್ಕೊಳ್ಳಾಕತ್ತೀರಿ. ನಮ್ಮ ಮಾನ ಉಳಸಾಕ ಇಷ್ಟು ದೊಡ್ಡ ಮಾತು ಆಡಬ್ಯಾಡ್ರಿ. ಕುಂತ್ರಿ, ಕುಂತ್ರಿ."

ಆಚಾರ್ಯರಿಗೂ ಹೆಂಡತಿಯ ಮೇಲೆ ಅಭಿಮಾನ ಉಕ್ಕಿತು. "ಆಕೀದು ಮೊದಲಿಂದ್ಲೂ ಇದs ಸ್ವಭಾವ, ಎಲ್ಲಾ ತನ್ನ ಮ್ಯಾಲ ಹಾಕ್ಕೋತಾಳ" ಎಂದು ನನಗೆ ಹೇಳಿದರು. ನಾನೂ ತಲೆ ಆಡಿಸಿದೆ. ಎಂಥ ತ್ಯಾಗ ಎಂದು ಮೆಚ್ಚಿದೆ. ಈಗ ಅದನ್ನು ನೆನೆದರೆ ಕಡಾಯಿಗೆ ತಲೆ ಕೊಡಬೇಕೆನಿಸುತ್ತದೆ.

ಅಕ್ಕೋರು ಕುರ್ಚಿಯಲ್ಲಿ ಕೂರಲಿಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತು ಅತ್ತರು. ಗೌಸಬಿ ಒಳಗಿನಿಂದ ಬಂದು ಅವರ ಕೈ ಹಿಡಿದು, ಅಲ್ಲೇ ನನ್ನನ್ನು ಕರೆದು, ತಾವು ನೋಡಿದ್ದನ್ನೆಲ್ಲ ಹೇಳಿದ್ದು ಆಗಲೇ.

"ನಾ ನೋಡೇನಿ. ಇವರ ಕೈನs ನೋಡಾಕತ್ತಿದ್ದೆ. ನೀವೆಲ್ಲಾ ಮುಗಲ ನೋಡಾಕತ್ತಿದ್ರಿ" ಎಂದರು.

"ಹಂಗಾದ್ರ ಒಳಗ ಬಂದು ಅವರಿಗೂ ಹೇಳ್ರಲ್ಲ" ಎಂದೆ.

"ಹೇಳಿದ್ರ ಏನಂತಾರ ಗೊತ್ತೇನು? ಗೌಸಬೀದೂ ದೊಡ್ಡ ಮನಸ್ಸು ಅಂತಾರ."

ಅಕ್ಕೋರು ಸೆರಗಿನಿಂದ ಮುಖ ಒರೆಸಿಕೊಂಡರು. "ಜೀವನದಾಗ ಒಂದು ಸಲ ಹಾರಿಸಿದೆ. ಅದೂ ನಂದಲ್ಲ ಅಂದ್ರ ಹ್ಯಾಂಗ?" ಎಂದರು. ನನ್ನನ್ನು ಕೇಳಿದಂತಿರಲಿಲ್ಲ.

ಹೊಸ ರೆಕ್ಕೆ ಸಿದ್ಧವಾಗಿ ಮತ್ತೆ ಬಯಲಿಗೆ ಹೋದ ಭಾನುವಾರ, ಅಕ್ಕೋರು ಎಲ್ಲರಿಗಿಂತ ಮೊದಲು ಬಂದಿದ್ದರು. ಒರಗಿನ ಕುರ್ಚಿಯನ್ನು ದೂರ ಎತ್ತಿಟ್ಟಿದ್ದರು. ಗುರುವಿನ ರಿಮೋಟು ಅವರ ಕೊರಳಲ್ಲಿತ್ತು. ಶಿಷ್ಯನದು ಚೀಲದಲ್ಲಿತ್ತು, ಚೀಲದ ಮೇಲೆ ಗೌಸಬಿ ಕೂತಿದ್ದರು.

ಹಯಾತಸಾಹೇಬರು ಬಾಯಿ ತೆರೆದರು. "ಅಕ್ಕೋರ, ನಿಮಗ್ಯಾಕ ತ್ರಾ—"

"ಸಾಲಾಗಿ ಕುಂದರ್ರಿ. ಎಲ್ಲಾರೂ" ಎಂದರು ಅಕ್ಕೋರು.

ಆ ದನಿಯನ್ನು ನಾನು ಮೂರನೇ ಇಯತ್ತೆಯಿಂದ ಬಲ್ಲೆ. ನಾನು ಕೂತೇಬಿಟ್ಟೆ. ನನ್ನ ಪಕ್ಕ ಬಡಿಗ ಫಕ್ರುಸಾಬ, ಅವನ ಪಕ್ಕ ಅಲ್ಲಾಭಕ್ಷ, ಎಲ್ಲರೂ ಅವರ ಕೈಯಲ್ಲಿ ಕಲಿತವರೇ. ಆಚಾರ್ಯರು ಒಂದು ಕ್ಷಣ ನೋಡಿದರು, ಹೊಸ ಧೋತರ ಎಂದೂ ನೋಡದೆ ನೆಲದ ಮೇಲೆ ಕೂತರು. ಹಯಾತಸಾಹೇಬರಿಗೆ ಆಚಾರ್ಯರಿಗಿಂತ ಮೇಲೆ ಇರುವುದು ಸಾಧ್ಯವಿರಲಿಲ್ಲ, ಅವರೂ ಕೂತರು. ಮರ್ಯಾದೆಯಿಂದ ಒಮ್ಮೆಯಾದರೂ ಉಪಯೋಗವಾಯಿತು.

"ಇವತ್ತ ಯಾರೂ ಮ್ಯಾಲ ನೋಡಬಾರ್ದು. ನನ್ನ ಕೈ ನೋಡ್ರಿ. ಅಷ್ಟs ಕೆಲಸ ನಿಮ್ಮದು."

ಗಿರಗಿಟ್ಲೆಯನ್ನು ಗಾಳಿಗೆ ಎದುರಾಗಿ ನಿಲ್ಲಿಸಿದರು. ರೆಕ್ಕೆ ತಿರುವಿ ಬಂದು ನಿಂತರು. ಅದು ಗುಂಯ್ ಎನ್ನುವ ತನಕ ಕಾದರು. ಆಮೇಲೆ ಎಡಗೈಯ ಹೆಬ್ಬೆರಳು ಮೆಲ್ಲಗೆ ಮೇಲಕ್ಕೆ ಹೋಯಿತು. ಗಾಲಿಗಳ ಸದ್ದು ಓಡಿ, ನಿಂತುಹೋಯಿತು. ಎದ್ದಿತು ಎಂದು ತಿಳಿದದ್ದು ಅದರಿಂದಲೇ.

ಮೇಲೆ ನೋಡದೆ ಇರುವುದು ಎಷ್ಟು ಕಷ್ಟ ಎಂದು ಹೇಳಲಾರೆ. ತಲೆಯ ಮೇಲೆಯೇ ಸದ್ದು ಹೋಗುತ್ತದೆ, ನೆರಳು ಮೈಮೇಲೆ ಹಾದು ಹೋಗುತ್ತದೆ, ಕತ್ತು ತಾನಾಗಿಯೇ ಎದ್ದೇಳುತ್ತದೆ. ಆಚಾರ್ಯರ ಕಣ್ಣು ಒಮ್ಮೆ ಮೇಲೆ ಹೋಯಿತು. ಅಕ್ಕೋರು ಆಕಾಶದಿಂದ ದೃಷ್ಟಿ ತೆಗೆಯದೆಯೇ, "ರೀ, ಕೈ" ಎಂದರು. ಹೇಗೆ ತಿಳಿಯಿತೋ. ಮಾಸ್ತರಿಕೆ ಮಾಡಿದವರಿಗೆ ಕಣ್ಣು ಎಲ್ಲ ಕಡೆ ಇರುತ್ತವೆ.

ನಾನು ಕೈಗಳನ್ನೇ ನೋಡಿದೆ. ಬಳೆಗಳನ್ನು ಮೊಣಕೈಯತ್ತ ಸರಿಸಿಕೊಂಡಿದ್ದರು. ಉಗುರಿನ ಸಂದಿಯಲ್ಲಿ ಅರಿಸಿನ. ಗೆಣ್ಣುಗಳು ಊದಿದ್ದವು. ಹೆಬ್ಬೆರಳುಗಳು ಆಡುತ್ತಿದ್ದದ್ದು ಕೂದಲೆಳೆಯಷ್ಟು, ಟೆಂಪೋದಲ್ಲಿ ನಾನು ಜಪ ಎಂದುಕೊಂಡಿದ್ದೆನಲ್ಲ, ಅಷ್ಟೇ. ಇಷ್ಟು ಸಣ್ಣ ಕೆಲಸವನ್ನು ಇಷ್ಟು ವರ್ಷ ಆಕೆಗೆ ಕೊಡದೆ ನಾವು ಕುರ್ಚಿ ಕೊಟ್ಟೆವಲ್ಲ ಎಂದು ನನಗೆ ಬಹಳ ನಾಚಿಕೆಯಾಯಿತು. ಆಚಾರ್ಯರಿಗೂ ಆಗಿರಬೇಕು, ಆಮೇಲೆ ಅವರು ಮೇಲೆ ನೋಡಲೇ ಇಲ್ಲ.

ಸದ್ದು ದೂರ ಹೋಯಿತು, ಹತ್ತಿರ ಬಂತು, ಮತ್ತೆ ದೂರ ಹೋಯಿತು. ಬಹಳ ಹೊತ್ತು ಹಾರಿತು. ಆಮೇಲೆ ಬಲಗೈ ಹೆಬ್ಬೆರಳು ಒಮ್ಮೆ ತಡವರಿಸಿತು. ಅಕ್ಕೋರು ತುಟಿ ಕಚ್ಚಿದರು. ಬಯಲಿನ ತುದಿಯಲ್ಲೆಲ್ಲೋ ಧಪ್ ಎಂಬ ಸದ್ದು ಕೇಳಿಸಿತು, ಅದರ ಹಿಂದೆಯೇ ಕಟ್ಟಿಗೆ ಮುರಿದ ಸದ್ದು.

ಯಾರೂ ಓಡಲಿಲ್ಲ. ನಮ್ಮ ಕಣ್ಣುಗಳು ಇನ್ನೂ ಅವರ ಕೈಯ ಮೇಲೆಯೇ ಇದ್ದವು. ಅಕ್ಕೋರು ರಿಮೋಟಿನಿಂದ ಕೈ ತೆಗೆದು, ತರಗತಿಯಲ್ಲಿ ಪ್ರಶ್ನೆ ಕೇಳುವಂತೆ ಸಾಲನ್ನು ಒಂದು ತುದಿಯಿಂದ ಇನ್ನೊಂದು ತುದಿಯ ತನಕ ನೋಡಿದರು.

"ಯಾರು ಬೀಳಿಸಿದ್ರು?"

ಹಯಾತಸಾಹೇಬರ ಬಲಗೈ ಅಭ್ಯಾಸದಂತೆ ಎದೆಯ ಕಡೆಗೆ ಎದ್ದಿತು. 'ತಪ್ಪು ನಮ್ಮದು' ಎಂಬ ಮಾತು ಆಗಲೇ ಅವರ ತುಟಿಗೆ ಬಂದಿತ್ತು. ಅವರು ಹೆಂಡತಿಯ ಕಡೆ ನೋಡಿದರು, ಗೌಸಬಿ ಕಣ್ಣಲ್ಲೇ ಅಕ್ಕೋರನ್ನು ತೋರಿಸಿದರು. ಆಚಾರ್ಯರ ಕಡೆ ನೋಡಿದರು, ಅವರು ಹೆಂಡತಿಯ ಕೈ ನೋಡುತ್ತಿದ್ದರು. ಹಯಾತಸಾಹೇಬರು ಕೈಯನ್ನು ಮೆಲ್ಲಗೆ ತೊಡೆಯ ಮೇಲೆ ಇಳಿಸಿದರು. ಸವಣೂರಿನಲ್ಲಿ ಹುಟ್ಟಿ ಬೆಳೆದ ಆ ಮನುಷ್ಯನಿಗೆ, ಹಿರಿಯ ಹೆಣ್ಣುಮಗಳೊಬ್ಬಳ ಮುಖಕ್ಕೆ ಹೀಗೆ ಹೇಳುವುದು ಬಲು ದೊಡ್ಡ ಕೆಲಸ.

"ನೀವರಿ" ಎಂದರು. "ನೀವs ಬೀಳಿಸೀರಿ, ಅಕ್ಕೋರ."

ಅಕ್ಕೋರು ಕೊರಳಿನಿಂದ ಪಟ್ಟಿ ತೆಗೆದು, ಮುರಿದದ್ದನ್ನು ಆರಿಸಿ ತರಲು ತಾವೇ ಹೊರಟರು.